ಜೂನ್ ಒಂದರ ಮಕ್ಕಳು

ಹುಟ್ಟಿದ ಕೂಸಿನ ಎದೆ ನಿಮಿಷಕ್ಕೆ ನೂರಾ ನಲವತ್ತು ಸಲ ಬಡಿಯುತ್ತದೆ. ಅದೇ ಕೂಸು ಪಾಟಿಚೀಲ ಹೊರುವ ಹೊತ್ತಿಗೆ ತೊಂಬತ್ತರ ಆಸುಪಾಸಿಗೆ ಇಳಿದಿರುತ್ತದೆ, ಮೀಸೆ ಚಿಗುರುವ ಹೊತ್ತಿಗೆ ಎಪ್ಪತ್ತೈದಕ್ಕೆ. ಉಸಿರೂ ಹಾಗೆಯೇ, ನಲವತ್ತರಿಂದ ಶುರುವಾಗಿ ಇಪ್ಪತ್ತಕ್ಕೆ, ಆಮೇಲೆ ಹದಿನಾರಕ್ಕೆ ಬಂದು ನಿಲ್ಲುತ್ತದೆ. ರಕ್ತದೊತ್ತಡ ಮಾತ್ರ ಇವೆರಡಕ್ಕೂ ಬೆನ್ನು ತಿರುಗಿಸಿ ವರ್ಷವರ್ಷವೂ ಮೇಲೇರುತ್ತದೆ. ಯಾರೂ ಹೇಳಿಕೊಡುವುದಿಲ್ಲ, ಯಾರೂ ಲೆಕ್ಕ ಇಡುವುದಿಲ್ಲ. ಬಡವರ ಮಗು, ಸಾಹುಕಾರರ ಮಗು, ಎಲ್ಲವೂ ಅದೇ ಇಳಿಜಾರಿನಲ್ಲಿ ಇಳಿದು ಬರುತ್ತವೆ.

ಸಾವಂತ್ರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ನರ್ಸಾಗಿ ದುಡಿದವಳು. ಯಾವ ವಯಸ್ಸಿಗೆ ಎಷ್ಟು ಬಡಿತ, ಎಷ್ಟು ಉಸಿರು ಎಂದು ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಒಪ್ಪಿಸುತ್ತಿದ್ದಳು. ಆದರೆ ಗೊತ್ತಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಗದಗಿನ ಬಾಲಸ್ಪಂದ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಆ ದೊಡ್ಡ ಗೋಡೆಯ ಮುಂದೆ ನಿಂತಾಗ ಅವಳು ಹೆಗಲ ಚೀಲ ಇಳಿಸುವುದನ್ನೂ ಮರೆತಳು.

ಮೂವತ್ತು ಅಡಿ ಉದ್ದದ ಪರದೆ ಅದು. ಅದರ ಮೇಲೆ ಹನ್ನೊಂದು ಲಕ್ಷ ಚುಕ್ಕೆಗಳು, ಒಂದೊಂದೂ ಒಂದೊಂದು ಜೀವಂತ ಮಗು. ಎಡಗಡೆ ಮೇಲ್ತುದಿಯಲ್ಲಿ ಈಗಷ್ಟೇ ಹುಟ್ಟಿದವು, ಬಲಗಡೆ ಕೆಳತುದಿಯಲ್ಲಿ ಹದಿನೈದು ತುಂಬಿದವರು. ನಡುವೆ ಹಸಿರು ಬೆಳಕಿನ ಹೊಳೆಯೊಂದು ಮೆಲ್ಲಗೆ ಇಳಿದು ಬರುತ್ತಿತ್ತು. ಬೆಳಗ್ಗೆ ಮಕ್ಕಳು ಎದ್ದಾಗ ಇಡೀ ಹೊಳೆ ತುಸು ಮೇಲೇಳುತ್ತಿತ್ತು. ಮಧ್ಯಾಹ್ನ ಎಳೆಕೂಸುಗಳು ಮಲಗಿದರೆ ಎಡಗಡೆ ತಗ್ಗುತ್ತಿತ್ತು. ಶಾಲೆಗಳಲ್ಲಿ ಆಟಕ್ಕೆ ಬಿಡುವ ಗಂಟೆ ಹೊಡೆದರಂತೂ ನಡುಭಾಗ ಕುದಿಯುವ ಎಸರಿನಂತೆ ಕುಣಿಯುತ್ತಿತ್ತು. ಮೂರು ವರ್ಷ ಕಳೆದರೂ ಆ ಹೊತ್ತಿಗೆ ಸಾವಂತ್ರಿ ಕೈಯ ಕೆಲಸ ಬಿಟ್ಟು ಗೋಡೆಯ ಕಡೆ ನೋಡುವುದನ್ನು ಬಿಟ್ಟಿರಲಿಲ್ಲ.

ಇದೆಲ್ಲ ಸಾಧ್ಯವಾದದ್ದು ಕಡಲೆಬೇಳೆಯಷ್ಟಿದ್ದ ಒಂದು ಕಪ್ಪು ಚುಕ್ಕೆಯಿಂದ. ಕೊರಳ ಎಲುಬಿನ ಕೆಳಗೆ ಅಂಟಿಸಿದರೆ ಮುಗಿಯಿತು, ಮೈಯ ಕಾವಿನಿಂದಲೇ ತನಗೆ ಬೇಕಾದ ವಿದ್ಯುತ್ತು ಮಾಡಿಕೊಂಡು, ಎದೆಬಡಿತ, ಉಸಿರು, ಮೈಬಿಸಿ, ರಕ್ತದೊತ್ತಡ ನಾಲ್ಕನ್ನೂ ಅಳೆದು ಕೇಂದ್ರಕ್ಕೆ ಕಳಿಸುತ್ತಿತ್ತು. ಸರ್ಕಾರ ಅದಕ್ಕೆ ಉದ್ದನೆಯ ಹೆಸರೊಂದನ್ನು ಇಟ್ಟಿತ್ತು. ತಾಯಂದಿರು ಮೊದಲ ವಾರದಲ್ಲೇ ಆ ಹೆಸರನ್ನು ತಳ್ಳಿಹಾಕಿ ದೃಷ್ಟಿಬೊಟ್ಟು ಎಂದು ಕರೆದರು. ಕೆಟ್ಟ ಕಣ್ಣು ಬೀಳದಿರಲೆಂದು ಇಡುವ ಬೊಟ್ಟಿಗೂ ಇದಕ್ಕೂ ಅವರಿಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಸಾವಂತ್ರಿಗೂ ಕಾಣಲಿಲ್ಲ. ಮಗುವಿನ ಲೆಕ್ಕ ಅದರ ವಯಸ್ಸಿಗೆ ತಕ್ಕಂತಿದ್ದರೆ ತಾಯಿಯ ಫೋನಿನಲ್ಲಿ ಹಸಿರು, ಗೆರೆ ದಾಟಿದರೆ ಹಳದಿ, ಕೈಮೀರಿದರೆ ಕೆಂಪು. ಹಳದಿಯಾದ ಮಗು ಮಾತ್ರ ಸಾವಂತ್ರಿಯಂಥವರ ಮೇಜಿಗೆ ಬರುತ್ತಿತ್ತು.

ವಯಸ್ಸಿಗೆ ತಕ್ಕಂತೆ ಎಂದೆನಲ್ಲ, ಎಡವಟ್ಟಾದದ್ದು ಅಲ್ಲಿಯೇ.

ಬೊಟ್ಟಿನ ಯೋಜನೆ ಬಂದ ಮೇಲೆ ಹುಟ್ಟಿದ ಮಕ್ಕಳ ತಾರೀಖು ಹೆರಿಗೆ ಕೋಣೆಯಿಂದಲೇ ನೇರ ಬರುತ್ತಿತ್ತು. ಅದಕ್ಕಿಂತ ದೊಡ್ಡವರ ತಾರೀಖನ್ನು ಶಾಲೆ, ಅಂಗನವಾಡಿಗಳ ದಾಖಲೆಯಿಂದ ತೆಗೆದುಕೊಂಡಿದ್ದರು. ಬೊಟ್ಟುಗಳ ಲೆಕ್ಕ ನೋಡುವ ಯಂತ್ರ ಶುರುವಾದ ದಿನವೇ ಹೊಳೆಯ ನಡುಭಾಗ ಹಳದಿ ಹಳದಿಯಾಗಿ ಹೋಯಿತು. ಒಂದು ಲಕ್ಷದ ಎಂಬತ್ತು ಸಾವಿರ ಮಕ್ಕಳ ಎದೆ ಅವರ ವಯಸ್ಸಿಗೆ ಮೀರಿ ಬಡಿಯುತ್ತಿತ್ತು. ಹೊಸ ಸಾಂಕ್ರಾಮಿಕವೇ ಬಂತೆಂದು ಡಾಕ್ಟರುಗಳು ತಲೆಯ ಮೇಲೆ ಕೈ ಹೊತ್ತು ಕೂತರು. ಯಂತ್ರದ ಉಸ್ತುವಾರಿ ನೋಡುತ್ತಿದ್ದ ಎಂಜಿನಿಯರ್ ಅಶ್ಫಾಕ್ ನದಾಫ್ ಆ ಮಕ್ಕಳ ಪಟ್ಟಿ ತೆಗೆದು ನೋಡಿದರೆ ಎಲ್ಲರೂ ಹುಟ್ಟಿದ್ದು ಜೂನ್ ಒಂದನೇ ತಾರೀಖು.

ಅದನ್ನು ಕೇಳಿ ಸಾವಂತ್ರಿಗೆ ನಗು ತಡೆಯಲಾಗಲಿಲ್ಲ. ಅವಳ ಸ್ವಂತ ಜನ್ಮದಿನವೂ ಜೂನ್ ಒಂದೇ. ಶಾಲೆ ಶುರುವಾಗುವ ಕಾಲಕ್ಕೆ ಮಗುವನ್ನು ಕರೆತಂದು ನಿಲ್ಲಿಸಿದರೆ, ಮಾಸ್ತರರು ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಂದನೇ ಇಯತ್ತೆಗೆ ಸರಿಹೋಗುವ ವರ್ಷ ಹಾಕಿ, ಮುಂದೆ ಜೂನ್ ಒಂದು ಎಂದು ಬರೆಯುತ್ತಿದ್ದರು. ಜನನ ಪತ್ರ ಬಂದು ಎಷ್ಟೋ ಕಾಲವಾದರೂ ಈ ರೂಢಿ ಪೂರ್ತಿ ಹೋಗಿರಲಿಲ್ಲ. ಪತ್ರ ಕಳೆದವರಿದ್ದರು, ಒಂದು ವರ್ಷ ಮೊದಲೇ ಶಾಲೆಗೆ ದಬ್ಬುವ ಅವಸರದವರಿದ್ದರು. ಹಾಗಾಗಿ ದಾಖಲೆಯಲ್ಲಿ ಆರು ವರ್ಷದ ಮಗು ನಿಜವಾಗಿ ಐದರದ್ದು, ಅದರ ಎದೆ ಐದರ ಎದೆಯಂತೆಯೇ ಬಡಿಯುತ್ತದೆ, ಅದಕ್ಕೇನೂ ಆಗಿಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಅಶ್ಫಾಕ್ ಲೆಕ್ಕ ಹಾಕಿದ, ಸರಾಸರಿ ಹದಿನಾಲ್ಕು ತಿಂಗಳ ವ್ಯತ್ಯಾಸ ಬಂತು. ಜೂನ್ ಒಂದರ ಮಕ್ಕಳೆಲ್ಲರ ವಯಸ್ಸಿನಿಂದ ಹದಿನಾಲ್ಕು ತಿಂಗಳು ಕಳೆದರು, ಹಳದಿ ಮಾಯವಾಯಿತು. ಆ ಲೆಕ್ಕಕ್ಕೆ ಕೇಂದ್ರದಲ್ಲಿ 'ಸಾವಂತ್ರಿ ತಿದ್ದುಪಡಿ' ಎಂದೇ ಹೆಸರಾಯಿತು. ಅವಳಿಗೆ ಒಳಗೊಳಗೇ ಭಾರಿ ಹೆಮ್ಮೆ.

ಸೆಪ್ಟೆಂಬರಿನ ಮೊದಲ ವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಅವಳ ಮೇಜಿಗೆ ಒಂದು ಫೋನ್ ಬಂತು. ಕಪ್ಪತಗುಡ್ಡದ ಮಗ್ಗುಲಿನ ಒಂದು ಹಳ್ಳಿಯಿಂದ ನಿಂಬೆವ್ವ ಎಂಬ ತಾಯಿ ಮಾತಾಡುತ್ತಿದ್ದಳು. ಶಾಲೆಯ ಬಿಸಿಯೂಟದ ಅಡುಗೆಯವಳು. ಒಂದನೇ ಇಯತ್ತೆಯಲ್ಲಿದ್ದ ಮಗಳು ಇಂಚರಾ ಹದಿನೈದು ದಿನಗಳಿಂದ ಮಂಕಾಗಿದ್ದಾಳೆ, ಆಟಕ್ಕೆ ಬಿಟ್ಟರೆ ಓಡುವುದಿಲ್ಲ, ಕಟ್ಟೆಯ ಮೇಲೆ ಕೂತುಬಿಡುತ್ತಾಳೆ, ಎರಡು ತುತ್ತು ಉಂಡರೆ ಹೊಟ್ಟೆ ನೋವೆನ್ನುತ್ತಾಳೆ ಎಂದಳು. ಊರಿನ ದವಾಖಾನೆಯಲ್ಲಿ ಬೊಟ್ಟು ಹಸಿರಿದೆಯಲ್ಲ ಎಂದು ವಾಪಸು ಕಳಿಸಿದ್ದರಂತೆ.

ಸಾವಂತ್ರಿ ಮಗುವಿನ ಲೆಕ್ಕ ತೆರೆದಳು. ಎದೆಬಡಿತ ನೂರಾ ಇಪ್ಪತ್ತಾರು, ಉಸಿರು ಇಪ್ಪತ್ತೆಂಟು. ಐದು ವರ್ಷ ಒಂದು ತಿಂಗಳ ಮಗುವಿಗೆ ತುಸು ಹೆಚ್ಚೇ, ಆದರೆ ಗೆರೆಯೊಳಗಿತ್ತು. ಆ ವಯಸ್ಸಿಗೆ ಯಂತ್ರ ಬಡಿತವನ್ನು ನೂರಾ ಮೂವತ್ತೊಂದರವರೆಗೆ, ಉಸಿರನ್ನು ಇಪ್ಪತ್ತೊಂಬತ್ತರವರೆಗೆ ಸಹಿಸಿಕೊಳ್ಳುತ್ತಿತ್ತು. ಒತ್ತಡವೂ ಸರಿಯಾಗಿತ್ತು. ಹಸಿರಿದ್ದರೆ ಧೈರ್ಯ ಹೇಳಿ ಫೋನ್ ಇಡಬೇಕೆಂಬುದು ಕೇಂದ್ರದ ನಿಯಮ. ಅವಳು ಧೈರ್ಯ ಹೇಳಿದಳು. ಐದು ವರ್ಷದ ಕೂಸನ್ನು ಆರು ವರ್ಷದವರ ಜೊತೆ ಓಡಿಸಿದರೆ ಸುಸ್ತಾಗದೆ ಏನು ಎಂದು ಸಣ್ಣದಾಗಿ ಚೇಷ್ಟೆಯನ್ನೂ ಮಾಡಿದಳು.

"ಐದಲ್ರಿ ಅಕ್ಕಾರ, ಆರು ತುಂಬಿ ಮೂರು ತಿಂಗಳಾತು. ಜೂನ್ ಒಂದಕ್ಕ ಹುಟ್ಯಾಳ."

"ನಾನೂ ಜೂನ್ ಒಂದಕ್ಕ ಹುಟ್ಟೀನಿ ತಂಗಿ. ಖರೇ ತಾರೀಖು ಹೇಳು, ಯಾರೂ ಏನೂ ಅನ್ನಂಗಿಲ್ಲ."

ನಿಂಬೆವ್ವ ಒಂದೇ ಉಸಿರಿನಲ್ಲಿ ಹೇಳಿದಳು. ಅವತ್ತು ಶಾಲೆ ಶುರುವಾದ ದಿನ, ಮಕ್ಕಳಿಗೆ ಸಿಹಿ ಮಾಡಬೇಕಿತ್ತು, ಶ್ಯಾವಿಗೆ ಪಾಯಸ ಕಲಕುತ್ತಿದ್ದಾಗಲೇ ಹೆರಿಗೆ ಬ್ಯಾನಿ ಶುರುವಾಯಿತು, ದೊಡ್ಡ ಮಾಸ್ತರರೇ ಆಂಬುಲೆನ್ಸಿಗೆ ಫೋನ್ ಮಾಡಿದರು, ಮಗಳ ಹುಟ್ಟುಹಬ್ಬವನ್ನು ಯಾರೂ ನಂಬುವುದಿಲ್ಲ, ಶಾಲೆಯ ಮಕ್ಕಳು ಸಹ ನಗುತ್ತಾರೆ. "ನೀವೂ ನಗ್ರಿ" ಎಂದು ಫೋನ್ ಇಟ್ಟುಬಿಟ್ಟಳು.

ಸಾವಂತ್ರಿಯ ಮನೆ ಕೇಂದ್ರದ ಹಿಂದಿನ ಓಣಿಯಲ್ಲೇ ಇತ್ತು. ಮಗಳು ವನಿತಾ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಒಂಬತ್ತು ದಿನ, ಇನ್ನೂ ಹೆಸರಿಟ್ಟಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಸಾವಂತ್ರಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ವನಿತಾ ಒಳಗಿನಿಂದ ಗಾಬರಿಯಲ್ಲಿ ಕರೆದಳು. ಕೂಸು ಉಸಿರು ನಿಲ್ಲಿಸಿಬಿಟ್ಟಿತ್ತಂತೆ. ಈಗ ಮತ್ತೆ ಆಡುತ್ತಿದೆ, ಆದರೆ ನಿಲ್ಲಿಸಿದ್ದು ನಿಜ ಎಂದಳು. ಹಸಿಕೂಸಿನ ಉಸಿರೇ ಹಾಗೆ, ನಾಲ್ಕು ಸಲ ದಡಬಡ ಎಳೆದುಕೊಂಡು ಐದಾರು ಕ್ಷಣ ಸುಮ್ಮನಾಗುತ್ತದೆ, ಬಣ್ಣ ಬದಲಾಗದಿದ್ದರೆ ಹೆದರುವ ಕಾರಣವಿಲ್ಲ ಎಂದು ಸಾವಂತ್ರಿ ಸಮಾಧಾನ ಮಾಡಿದಳು. ಫೋನ್ ತೋರಿಸಿ, ನೋಡು, ಹಸಿರೇ ಇದೆಯಲ್ಲ ಎಂದಳು.

"ಬೊಟ್ಟಿನ ಮಾತ ಬ್ಯಾಡವ್ವಾ. ನೀ ಕೈ ಇಟ್ಟ ನೋಡು" ಎಂದಳು ವನಿತಾ.

ಸಾವಂತ್ರಿ ಕೈ ತೊಳೆದುಕೊಂಡು ಬಂದು ಕೂಸಿನ ಎದೆಯ ಮೇಲೆ ಅಂಗೈ ಇಟ್ಟಳು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ಮಕ್ಕಳ ಉಸಿರನ್ನು ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಬಾರದು, ಪೂರ್ತಿ ನಿಮಿಷ ಕೂತು ನೋಡಬೇಕು ಎಂದು ಅವಳೇ ಎಷ್ಟೋ ಹೊಸ ನರ್ಸುಗಳಿಗೆ ಬೈದು ಕಲಿಸಿದ್ದಳು. ನಲವತ್ತನಾಲ್ಕು ಉಸಿರು. ಅದರ ಕೆಳಗೆ ಎಣಿಕೆಗೆ ಸಿಗದಷ್ಟು ಚುರುಕಾಗಿ ಎದೆ ಬಡಿಯುತ್ತಿತ್ತು. ಒಂಬತ್ತು ದಿನದ ಹಿಂದೆ ಈ ಲೋಕದಲ್ಲೇ ಇಲ್ಲದಿದ್ದ ಜೀವ, ಇಳಿಜಾರಿನ ತುತ್ತತುದಿಯಲ್ಲಿ ಕೂತು ತನ್ನ ಪಯಣ ಶುರು ಮಾಡಿತ್ತು. ಅವಳ ಕಣ್ಣು ತುಂಬಿ ಬಂತು.

ಅದೇ ಹೊತ್ತಿಗೆ ನಿಂಬೆವ್ವನ ಮಾತು ನೆನಪಾಯಿತು. ಸ್ವಂತ ಮಗಳು ಗಾಬರಿಯಾದರೆ ಕೈ ಇಟ್ಟು ನೋಡಿದ್ದಾಯಿತು. ಆ ತಾಯಿ ಗಾಬರಿಯಾದಾಗ ನಗೆಯಾಡಿದ್ದಾಯಿತು. ಜೂನ್ ಒಂದಕ್ಕೆ ನಿಜವಾಗಿಯೂ ಯಾರೂ ಹುಟ್ಟುವುದೇ ಇಲ್ಲವೇ? ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಅದೂ ಒಂದು ದಿನವಲ್ಲವೇ? ಮೂರು ವರ್ಷ ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಊಟ ಮಾಡದೆ ಕೇಂದ್ರಕ್ಕೆ ಓಡಿದಳು.

ಅಶ್ಫಾಕ್ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದ. ಅವಳ ಮುಖ ನೋಡಿ ಡಬ್ಬಿ ಮುಚ್ಚಿದ. ಇಂಚರಾಳ ಮೂರು ವರ್ಷದ ಗೆರೆಗಳನ್ನು ತೆರೆಯಲು ಹೇಳಿದಳು. ಬಡಿತ, ಉಸಿರು, ಒತ್ತಡ, ಮೈಬಿಸಿ, ನಾಲ್ಕೂ ಪರದೆಯ ಮೇಲೆ ಬಂದವು. ಹದಿನಾಲ್ಕು ತಿಂಗಳು ಕಳೆದು ನೋಡಿದರೆ ಹುಡುಗಿಯ ಎದೆ ಮೊದಲಿನಿಂದಲೂ ತನ್ನ ವಯಸ್ಸಿನವರಿಗಿಂತ ನಿಧಾನವಾಗಿತ್ತು, ಎಲ್ಲರಿಗಿಂತ ಗಟ್ಟಿ ಮಗುವಿನಂತೆ ಕಾಣುತ್ತಿತ್ತು. ಅಶ್ಫಾಕ್ ತಲೆ ಕೆರೆದುಕೊಂಡು ಯೋಚಿಸಿದ. ಒಂದು ದಿನದ ಬಡಿತ ನೋಡಿ ಯಾರ ವಯಸ್ಸನ್ನೂ ಹೇಳಲಾಗದು, ಒಬ್ಬೊಬ್ಬರ ಎದೆ ಒಂದೊಂದು ಥರ. ಆದರೆ ಮೂರು ವರ್ಷದ ಒಂದೊಂದು ಕ್ಷಣವೂ ಇಲ್ಲಿದೆ, ನಾಲ್ಕು ಗೆರೆಗಳು ಹೇಗೆ ಹೇಗೆ ಬಾಗುತ್ತ ಬಂದಿವೆ ಎಂಬುದಿದೆ. ತಾರೀಖನ್ನು ಅಳಿಸಿಬಿಡೋಣ, ಯಾವ ದಿನ ಹುಟ್ಟಿದ್ದರೆ ಈ ಬಾಗು ಸರಿಹೊಂದುತ್ತದೋ ಯಂತ್ರವೇ ಹುಡುಕಲಿ ಎಂದ.

ಗೆರೆಗಳು ಪರದೆಯ ಮೇಲೆ ಬಲಕ್ಕೆ ಜರುಗಿದವು, ಎಡಕ್ಕೆ ಜರುಗಿದವು, ಮತ್ತೆ ಸ್ವಲ್ಪ ಬಲಕ್ಕೆ ಬಂದು ನಿಂತವು. ನಾಲ್ಕೂ ಒಟ್ಟಿಗೆ ತಮ್ಮ ತಮ್ಮ ದಾರಿಯ ನಟ್ಟನಡುವೆ ಕೂತವು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಕೆಳಗೆ ಯಂತ್ರ ಹುಟ್ಟಿದ ದಿನ ತೋರಿಸಿತು. ಜೂನ್ ಒಂದು, ಆರು ದಿನ ಹಿಂದೆ ಮುಂದೆ.

ಮಾಸ್ತರರು ಬರೆದದ್ದು ತಪ್ಪಬಹುದು, ಕೇಂದ್ರದ ಲೆಕ್ಕ ತಪ್ಪಬಹುದು, ಆ ಪುಟ್ಟ ಎದೆ ಮಾತ್ರ ತಾನು ಈ ಲೋಕಕ್ಕೆ ಬಂದ ದಿನವನ್ನು ಮರೆಯದೆ ಇಟ್ಟುಕೊಂಡಿತ್ತು. ಅಬ್ಬಾ ಎಂದ ಅಶ್ಫಾಕ್, ತುಂಬ ಸಣ್ಣ ದನಿಯಲ್ಲಿ.

ಸಾವಂತ್ರಿಯ ಕಣ್ಣು ಆಗಲೇ ಗೆರೆಯ ಕೊನೆಗೆ ಹೋಗಿತ್ತು. ಇಪ್ಪತ್ಮೂರು ದಿನಗಳ ಹಿಂದೆ ಮಗುವಿಗೆ ಜ್ವರ ಬಂದಿತ್ತು, ನೂರಾ ಎರಡು. ಮೂರು ದಿನಕ್ಕೆ ಜ್ವರ ಇಳಿದಿತ್ತು. ಜ್ವರದ ಜೊತೆ ಏರಿದ ಬಡಿತ ಜ್ವರದ ಜೊತೆಯೇ ಇಳಿಯಬೇಕಿತ್ತು, ಇಳಿದಿರಲಿಲ್ಲ. ದಿನಕ್ಕೆ ಒಂದೊಂದಾಗಿ ಮೇಲೇರುತ್ತಲೇ ಇತ್ತು. ನಿದ್ದೆಯಲ್ಲೂ ನೂರಾ ಹನ್ನೆರಡರಿಂದ ಕೆಳಗೆ ಬಂದಿರಲಿಲ್ಲ. ಆರು ದಾಟಿದ ಮಗುವಿಗೆ ಬಡಿತ ನೂರಾ ಇಪ್ಪತ್ನಾಲ್ಕಾದರೆ, ಉಸಿರು ಇಪ್ಪತ್ತೆಂಟಾದರೆ ಹಳದಿ. ಆ ಗೆರೆ ದಾಟಿ ಎರಡು ದಿನವಾಗಿತ್ತು. ಒತ್ತಡ ಸರಿಯಿದೆಯೆಂದು ನಂಬುವಂತಿರಲಿಲ್ಲ. ಮಕ್ಕಳ ಒತ್ತಡ ಕಟ್ಟಕಡೆಯವರೆಗೆ ಏನೂ ಆಗಿಲ್ಲವೆಂಬಂತೆ ನಿಂತಿದ್ದು ಆಮೇಲೆ ಒಮ್ಮೆಲೇ ಬೀಳುತ್ತದೆ ಎಂಬುದನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ಹೃದಯದ ಸ್ನಾಯುವಿಗೇ ಜ್ವರದ ಸೋಂಕು ತಗುಲಿರಬೇಕು ಎನಿಸಿತು ಅವಳಿಗೆ.

ಅಶ್ಫಾಕ್ ಹದಿನಾಲ್ಕು ತಿಂಗಳ ತಿದ್ದುಪಡಿ ತೆಗೆದ. ದೊಡ್ಡ ಗೋಡೆಯ ಮೇಲೆ ಒಂದು ಹಸಿರು ಚುಕ್ಕೆ ಬಲಕ್ಕೆ ಸರಿದು, ಹೊಳೆಯ ಮೇಲಂಚನ್ನು ದಾಟಿ, ಹಳದಿಯಾಗಿ ಒಂಟಿ ನಿಂತಿತು. ಸಾವಂತ್ರಿ ಆಗಲೇ ಫೋನ್ ಹಚ್ಚಿದ್ದಳು.

"ತಂಗಿ, ಮುಂಜಾನೆ ನಿನ್ನ ಮಾತ ನಾ ನಂಬಲಿಲ್ಲ. ತಪ್ಪಾತು. ಹುಡಿಗೀನ ನಡಸಬ್ಯಾಡ, ಎತ್ತಿಕೊಂಡ ಕುಂದ್ರು. ಗಾಡಿ ಕಳಸಾಕತ್ತೀನಿ, ಹುಬ್ಬಳ್ಳಿಗೆ ಹೋಗಬೇಕು."

ಆ ಕಡೆಯಿಂದ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ನಿಂಬೆವ್ವ ಅಳಲಿಲ್ಲ, ಬೈಯಲಿಲ್ಲ. "ಜೂನ್ ಒಂದು ಖರೇ ಅಂತ ಮೊದಲ ಬರಕೊಳ್ರಿ. ದವಾಖಾನ್ಯಾಗ ಮತ್ತ ಐದು ಅನ್ನಬಾರದು" ಎಂದಳು. ಬರೆದಾಯಿತು ಎಂದಳು ಸಾವಂತ್ರಿ.

ದಾರಿಯಲ್ಲಿ ಒಮ್ಮೆ ಮಗುವಿನ ಒತ್ತಡ ಬಿತ್ತು. ಗೋಡೆಯ ಮೇಲಿನ ಚುಕ್ಕೆ ಕೆಂಪಾದದ್ದನ್ನು ಸಾವಂತ್ರಿ ಕಂಡಳು, ಕುರ್ಚಿಯ ಕೈ ಹಿಡಿದುಕೊಂಡು ನಿಂತೇ ಇದ್ದಳು. ಗಾಡಿಯಲ್ಲಿದ್ದವರು ತಯಾರಾಗಿದ್ದರಿಂದ ಕೈಮೀರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಮೂರನೇ ದಿನ ಫೋನ್ ಮಾಡಿ, ಹೃದಯದ ಊತ ಇಳಿಯುತ್ತಿದೆ, ಬೊಟ್ಟು ತಾನಾಗಿ ಹಳದಿಯಾಗಲಿ ಎಂದು ಇನ್ನೆರಡು ದಿನ ಕಾದಿದ್ದರೆ ಈ ಮಾತು ಹೇಳುವಂತಿರಲಿಲ್ಲ ಎಂದರು. ಬಡಿತ ನೂರಾ ಎಂಟಕ್ಕೆ ಬಂದಿತ್ತು. ಮಗು ಬಾಳೆಹಣ್ಣು ಕೇಳಿತ್ತಂತೆ. ಸಾವಂತ್ರಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು.

ಆದರೆ ಅವಳ ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಇಂಚರಾಳನ್ನು ಗಾಡಿ ಹತ್ತಿಸಿದ ಸಂಜೆಯೇ ಅವಳು ಕೇಂದ್ರದ ಮುಖ್ಯಸ್ಥರ ಮುಂದೆ ನಿಂತು, ನನ್ನ ಹೆಸರಿನ ತಿದ್ದುಪಡಿಯನ್ನು ಕಿತ್ತುಹಾಕಿ, ಅದರ ಕೆಳಗೆ ಇನ್ನೆಷ್ಟು ಮಕ್ಕಳು ಮುಚ್ಚಿಹೋಗಿದ್ದಾರೋ ಎಂದಿದ್ದಳು. ಕಿತ್ತರೆ ಮತ್ತೆ ಎರಡು ಲಕ್ಷ ಹಳದಿ ಚುಕ್ಕೆಗಳು ಬರುತ್ತವೆ, ಅದರಲ್ಲಿ ನಿಜವಾದ ಕಾಯಿಲೆಯವರನ್ನು ಹುಡುಕುವುದು ಹೇಗೆ ಎಂದು ಅವರು ಕೇಳಿದರು. ಮಕ್ಕಳನ್ನೇ ಕೇಳೋಣ ಎಂದಳು ಸಾವಂತ್ರಿ. ಒಂದು ಮಗುವಿಗೆ ಮಾಡಿದ್ದನ್ನು ಒಂದು ಲಕ್ಷದ ಎಂಬತ್ತು ಸಾವಿರ ಮಕ್ಕಳಿಗೂ ಮಾಡೋಣ ಎಂದ ಅಶ್ಫಾಕ್. ಯಂತ್ರಕ್ಕೆ ಮೂರು ಹಗಲು ಹಿಡಿಯಿತು.

ನಾಲ್ಕನೆಯ ಬೆಳಗ್ಗೆ ಅವನು ಲೆಕ್ಕವನ್ನು ದೊಡ್ಡ ಗೋಡೆಗೆ ಹಚ್ಚಿದ. ಮೊದಲು ಒಂದು ಚುಕ್ಕೆ ಸರಿಯಿತು, ಆಮೇಲೆ ಹತ್ತು, ಆಮೇಲೆ ಸಾವಿರ. ಕೆಲವು ಎರಡು ವರ್ಷ ಹಿಂದಕ್ಕೆ ಹೋದವು, ಕೆಲವು ಒಂದು ತಿಂಗಳು ಮುಂದಕ್ಕೆ ಬಂದವು. ಮಾಸ್ತರರು ಒಂದೇ ದಿನಕ್ಕೆ ಕಟ್ಟಿಹಾಕಿದ್ದ ಮಕ್ಕಳೆಲ್ಲ ಬಿಡಿಸಿಕೊಂಡು ಹೊರಟಂತಿತ್ತು. ಇದು ದೀಪಾವಳಿಯ ಕೂಸು, ಇದು ಸಂಕ್ರಾಂತಿಯದು, ಇದು ಶ್ರಾವಣದ್ದು, ಪ್ರತಿಯೊಂದಕ್ಕೂ ತನ್ನದೇ ಒಂದು ದಿನವಿತ್ತು. ಚದುರಿ ಮಬ್ಬಾಗಿದ್ದ ಹೊಳೆಯ ನಡುಭಾಗ ಕಣ್ಣೆದುರೇ ಕಿರಿದಾಗುತ್ತ, ಹೊಳಪಾಗುತ್ತ ಬಂತು. ಹನ್ನೊಂದು ಲಕ್ಷ ಎದೆಗಳು ಒಂದೇ ಗೆರೆಯಲ್ಲಿ, ತಾಯಿ ಹೊಟ್ಟೆಯಿಂದ ಹೊರಬಿದ್ದ ಗಳಿಗೆಯಿಂದ ಹದಿನೈದರ ಹೊಸ್ತಿಲವರೆಗೆ, ಎಲ್ಲೂ ಕಡಿಯದೆ ಇಳಿಯುತ್ತಿದ್ದವು. ಕೋಣೆಯಲ್ಲಿದ್ದ ಹದಿನೆಂಟು ಮಂದಿಯೂ ಯಾರೂ ಹೇಳದೆ ಎದ್ದು ನಿಂತಿದ್ದರು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ದೇವರನ್ನು ಅಷ್ಟಾಗಿ ನಂಬದ ಸಾವಂತ್ರಿಯ ಕೈಗಳು ತಾವಾಗಿಯೇ ಮುಗಿದಿದ್ದವು.

ಆಗ ಉಳಿದವು ಕಂಡವು. ಎಲ್ಲ ಚುಕ್ಕೆಗಳೂ ತಮ್ಮ ತಮ್ಮ ಜಾಗಕ್ಕೆ ಸೇರಿದ ಮೇಲೆ, ಹೊಳೆಯ ಮೇಲಂಚಿನ ಆಚೆ, ಕಪ್ಪು ಗೋಡೆಯ ಮೇಲೆ, ಅಲ್ಲೊಂದು ಇಲ್ಲೊಂದು ಹಳದಿ. ಅಶ್ಫಾಕ್ ಬೆರಳು ಮಾಡಿ ಎಣಿಸಿದ. ಹದಿನಾಲ್ಕು ಮಕ್ಕಳು. ಮೊನ್ನೆ ಮೊನ್ನೆಯವರೆಗೆ ಹಸಿರಾಗಿದ್ದವರು, ಯಾರ ಮೇಜಿಗೂ ಬಾರದವರು.

ಸಾವಂತ್ರಿ ಕುರ್ಚಿ ಎಳೆದುಕೊಂಡು ಕೂತು, ತಲೆಗೆ ಹೆಡ್‌ಫೋನ್ ಏರಿಸಿ, ಮೊದಲನೆಯ ಮಗುವಿನ ಮನೆಗೆ ಫೋನ್ ಹಚ್ಚಿದಳು. ನಾಲ್ಕು ಸಲ ರಿಂಗಾದ ಮೇಲೆ ಒಬ್ಬ ಹೆಂಗಸು ಎತ್ತಿಕೊಂಡಳು. ಬೊಟ್ಟು ಹಸಿರೇ ಇತ್ತಲ್ಲ, ಈಗ ಯಾಕೆ ಹಳದಿಯಾಯಿತು ಎಂದು ಕೇಳಿದಳು.

"ಬೊಟ್ಟಿನ ಮಾತ ಆಮ್ಯಾಲ ಅವ್ವಾ" ಎಂದಳು ಸಾವಂತ್ರಿ. "ನಿಮ್ಮ ಕೂಸಿಗೆ ಹೆಂಗೈತಿ, ಮೊದಲ ನೀವ ಹೇಳ್ರಿ. ನಾ ಕೇಳ್ತೀನಿ."